ಸಹಿ ಯಾರದ್ರಿ?

ಔರಾದ, ಕಮಲನಗರ, ಭಾಲ್ಕಿ ತಾಲ್ಲೂಕುಗಳ ಹಾಗೂ ಬೀದರ ನಗರದ ಮತದಾರರಿಗೆ ಒಂದು ಕರಪತ್ರ
2025 ಅಕ್ಟೋಬರ್ 2, ಗಾಂಧಿ ಜಯಂತಿ

(ಭಜಿ ಕಟ್ಟೋಕೆ ಹರಿಯುವ ಮುಂಚೆ ಒಮ್ಮೆ ಓದ್ರಿ. ಓದಲು ಬಾರದವರಿಗೆ ಓದಿ ಹೇಳ್ರಿ.)



ನಮ್ಮೂರ ಅಗಸಿಯ ಪಕ್ಕ ಒಂದು ನೀಲಿ ತಗಡಿನ ಕೋಣೆ ಇದೆ. ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾಣ್ಯ ಹಾಕಿದೆ. ಯಂತ್ರ ನಾಣ್ಯ ನುಂಗಿತು, ಒಮ್ಮೆ ಗರ್ ಅಂದಿತು, ಸುಮ್ಮನಾಯಿತು. ಹಿಂದೆ ಕೊಡ ಹಿಡಿದು ನಿಂತಿದ್ದ ಅಜ್ಜಿ ಕೇಳಿದಳು: "ಇದು ಸರ್ಕಾರದ್ದೋ, ಸಾಹುಕಾರಂದೋ?"

ಉತ್ತರ ಹುಡುಕಿ ಹೊರಟೆ. ಪಂಚಾಯಿತಿಯಲ್ಲಿ ಕೇಳಿದರೆ, ನಿರ್ವಹಣೆ ಏಜೆನ್ಸಿಯವರದು ಅಂದರು. ಏಜೆನ್ಸಿಯ ಫೋನ್ ನಂಬರು ಘಟಕದ ಬಾಗಿಲ ಮೇಲೆ ಬರೆದಿತ್ತು. ಕೊನೆಯ ಮೂರು ಅಂಕಿ ಬಿಸಿಲಿಗೆ ಅಳಿಸಿಹೋಗಿದ್ದವು. ಎಂಜಿನಿಯರ ಸಾಹೇಬರು, ನಾವು ಎಂದೋ ಪಂಚಾಯಿತಿಗೆ ಹಸ್ತಾಂತರ ಮಾಡಿದ್ದೇವೆ ಅಂದರು. ಪಂಚಾಯಿತಿಗೆ ತಿರುಗಿ ಬಂದರೆ, ಆಗಿದೆ ಖರೆ, ಆದರೆ ಕಾಗದದ ಮೇಲೆ ಅಂದರು. ಇವರಿಬ್ಬರನ್ನೂ ಎದುರುಬದುರು ಕೂರಿಸಿ ಕೇಳಬಲ್ಲ ತಾಲ್ಲೂಕು ಪಂಚಾಯಿತಿ ಸದಸ್ಯರು ಯಾರು ಅಂತ ವಿಚಾರಿಸಿದೆ. ಅಂಥವರು ಈಗ ಯಾರೂ ಇಲ್ಲ ಅಂದರು.

ಹದಿನೆಂಟು ದಿನ ಓಡಾಡಿದೆ. ಎಲ್ಲರ ಬಳಿಯೂ ಉತ್ತರ ಇತ್ತು. "ಇದಕ್ಕೆ ನಾನು ಹೊಣೆ" ಅಂತ ಸಹಿ ಹಾಕಿದ ಕಾಗದ ಮಾತ್ರ ಯಾರ ಬಳಿಯೂ ಇರಲಿಲ್ಲ.

ಈ ಕರಪತ್ರ ಆ ಒಂದು ಯಂತ್ರದ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು. ಆದರೆ ಯಂತ್ರದ ಬಗ್ಗೆ ಅಷ್ಟೇ ಅಲ್ಲ. ನಮ್ಮನ್ನು ಈಗ ಆಳುತ್ತಿರುವವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು, ಬೇಡವಾದರೆ ಅವರನ್ನು ಇಳಿಸುವ ದಾರಿ ಯಾವುದು, ಇದು ವಿಷಯ.

■ ಕುರ್ಚಿ ಖಾಲಿ

ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ವೋಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಗೆದ್ದವರ ಐದು ವರ್ಷ 2021ರ ಬೇಸಿಗೆಗೆ ಮುಗಿಯಿತು. ಅಂದಿನಿಂದ ಇಂದಿನವರೆಗೆ ಚುನಾವಣೆ ಇಲ್ಲ. ಬೀದರಕ್ಕೆ ಮಾತ್ರವಲ್ಲ, ಇಡೀ ರಾಜ್ಯಕ್ಕೆ ಇದೇ ಗತಿ.

ಮೊದಲು ಕೊರೊನಾ ಅಂದರು. ಆಮೇಲೆ ಕ್ಷೇತ್ರಗಳ ಮರುವಿಂಗಡಣೆ ಅಂದರು. ರಾಜ್ಯ ಚುನಾವಣಾ ಆಯೋಗದ ಕೈಲಿದ್ದ ಆ ಕೆಲಸವನ್ನು 2021ರಲ್ಲಿ ಕಾಯ್ದೆ ತಿದ್ದಿ ಬೇರೊಂದು ಆಯೋಗಕ್ಕೆ ಒಪ್ಪಿಸಿದರು. ಆಮೇಲೆ ಮೀಸಲಾತಿ ಪಟ್ಟಿ ಅಂದರು. ಆಗ ಬಿಜೆಪಿ ಸರ್ಕಾರ ಇತ್ತು, ಈಗ ಕಾಂಗ್ರೆಸ್ ಸರ್ಕಾರ ಇದೆ. ಮಿಕ್ಕ ಎಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಇದೊಂದರಲ್ಲಿ ಒಂದೇ ಪಂಗ್ತಿಗೆ ಕೂತಿವೆ.

ಸಂವಿಧಾನದ 243ಇ ವಿಧಿ ನೇರವಾಗಿ ಹೇಳುತ್ತದೆ: ಪಂಚಾಯಿತಿಯ ಆಯಸ್ಸು ಐದು ವರ್ಷ; ಅದು ಮುಗಿಯುವ ಮುಂಚೆಯೇ ಹೊಸ ಚುನಾವಣೆ ಆಗಿರಬೇಕು. 73ನೇ ತಿದ್ದುಪಡಿಯ ಈ ಮಾತು 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು, ರಸ್ತೆ, ಶಾಲೆ, ಆರೋಗ್ಯ ಸೇರಿ 29 ವಿಷಯಗಳನ್ನು 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗಾಗಿ ಬರೆದಿಟ್ಟಿದ್ದಾರೆ. ಪಟ್ಟಿ ಇದೆ, ಪಟ್ಟಿ ಹಿಡಿದು ಕೂರಬೇಕಾದವರು ಇಲ್ಲ.

ಕಮಲನಗರದ ಬಂಧುಗಳೇ, ನಿಮ್ಮದು ಇನ್ನೂ ವಿಚಿತ್ರ. ನಿಮ್ಮ ತಾಲ್ಲೂಕು 2017ರ ಬಜೆಟ್‌ನಲ್ಲಿ ಘೋಷಣೆಯಾಗಿ 2018ರಲ್ಲಿ ಹುಟ್ಟಿತು. 2016ರಲ್ಲಿ ನೀವು ವೋಟು ಹಾಕಿದ್ದು ಔರಾದ ತಾಲ್ಲೂಕಿನವರಾಗಿ. ಅಂದರೆ ಕಮಲನಗರ ತಾಲ್ಲೂಕು ಹುಟ್ಟಿದ ಮೇಲೆ ತನ್ನ ತಾಲ್ಲೂಕು ಪಂಚಾಯಿತಿಗೆ ಒಂದು ವೋಟನ್ನೂ ಕಂಡಿಲ್ಲ. ಹುಲಸೂರ, ಚಿಟಗುಪ್ಪದವರದೂ ಇದೇ ಕತೆ. ಕೂಸಿಗೆ ಹೆಸರಿಟ್ಟು ತೊಟ್ಟಿಲು ತರುವುದನ್ನೇ ಮರೆತಂತೆ.

ತಾಯಂದಿರೇ, ಈ ಸಂಸ್ಥೆಗಳಲ್ಲಿ ಅರ್ಧ ಸೀಟು ನಿಮಗೆ ಮೀಸಲು. ಚುನಾವಣೆಯೇ ಇಲ್ಲದಿದ್ದರೆ ಅರ್ಧ ಯಾವುದರ ಅರ್ಧ?

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಜಿಲ್ಲೆಯ ಹಳ್ಳಿ, ಪಟ್ಟಣ ಎರಡಕ್ಕೂ ಸೇರಿಸಿ ಯೋಜನೆ ಮಾಡಲು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ, ನಗರಸಭೆಗಳ ಚುನಾಯಿತರ ಒಳಗಿಂದಲೇ ಬರಬೇಕು. ಇದೂ ಸಂವಿಧಾನದ ಮಾತೇ. ಜಿಲ್ಲಾ ಪಂಚಾಯಿತಿಯಲ್ಲಿ ಚುನಾಯಿತರು ಶೂನ್ಯವಾದಾಗ ಆ ಸಮಿತಿ ಬಾಗಿಲು, ಕಿಟಕಿ ಕಿತ್ತ ಮನೆ.

ಹಿರಿಯರಿಗೆ ನೆನಪಿರಬೇಕು. ನೀರ್‌ಸಾಬ್ ಅನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರು ತಂದ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದಾಗ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಜಿಲ್ಲೆಯ ದೊಡ್ಡ ಅಧಿಕಾರಿ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಆ ಅವಧಿ ಮುಗಿದ ಮೇಲೂ ಹೀಗೇ ಆಡಳಿತಾಧಿಕಾರಿಗಳು ಬಂದು ಕೂತರು. ಜಿಲ್ಲೆ, ತಾಲ್ಲೂಕಿನ ಮುಂದಿನ ಚುನಾವಣೆ ಆಗಿದ್ದು 1995ರಲ್ಲಿ. ಇಂಥದ್ದು ನಡೆಯಬಾರದೆಂದೇ ಐದು ವರ್ಷದ ಗಡುವನ್ನು 1993ರಲ್ಲೇ ಸಂವಿಧಾನದಲ್ಲಿ ಬರೆದದ್ದು. ಬರೆದದ್ದನ್ನು ಓದುವವರಿಲ್ಲ.

■ ಹಾಳೂರಿಗೆ ಉಳಿದವನೇ ಗೌಡ

ಕುರ್ಚಿ ಖಾಲಿ ಅಂದೆವು. ಕುರ್ಚಿ ಎಂದೂ ಖಾಲಿ ಉಳಿಯುವುದಿಲ್ಲ. ನಾವು ಆರಿಸದಿದ್ದರೆ ಬೇರೆ ಯಾರೋ ಬಂದು ಕೂರುತ್ತಾರೆ. ಕೂತವರನ್ನು ಒಬ್ಬೊಬ್ಬರಾಗಿ ನೋಡೋಣ.

ಮೊದಲನೆಯವರು ಆಡಳಿತಾಧಿಕಾರಿ. ಒಳ್ಳೆಯವರೂ ಇರುತ್ತಾರೆ. ಆದರೆ ಅವರ ಬಡ್ತಿ, ವರ್ಗ ಎಲ್ಲ ಬೆಂಗಳೂರಿನ ಕೈಯಲ್ಲಿ. ಚಿಂತಾಕಿಯ ರಸ್ತೆ ಕೆಟ್ಟರೆ ಅವರ ನೌಕರಿಗೆ ಏನೂ ಆಗುವುದಿಲ್ಲ.

ಎರಡನೆಯದು ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ; ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದು ಪಡೆದದ್ದು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಔರಾದ ಅದರಲ್ಲಿತ್ತು. 2013ರಲ್ಲಿ ತಿದ್ದುಪಡಿ ಜಾರಿಗೆ ಬಂತು, ಮಂಡಳಿ ಹುಟ್ಟಿತು. ಈಗ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2025-26ರ ರಾಜ್ಯ ಬಜೆಟ್ ಅದಕ್ಕೆ ₹5,000 ಕೋಟಿ ಎಂದು ಹೇಳಿದೆ. ಹಣ ಬೇಕು, ಬರಲಿ, ಇನ್ನೂ ಬರಲಿ. ಪ್ರಶ್ನೆ ಬೇರೆ: ಯಾವ ಹಳ್ಳಿಗೆ ಶಾಲೆ ಕೋಣೆ, ಯಾವ ಹಳ್ಳಿಗೆ ಸಿಸಿ ರಸ್ತೆ ಅಂತ ಆ ಹಣದಲ್ಲಿ ತೀರ್ಮಾನ ಆಗುವಾಗ ನಿಮ್ಮ ಗ್ರಾಮಸಭೆಯ ಠರಾವನ್ನು ಯಾರಾದರೂ ಕೇಳಿದರೇ? ಮಂಡಳಿಯ ಅಧ್ಯಕ್ಷರನ್ನು ಆರಿಸುವುದು ಸರ್ಕಾರ, ಕಚೇರಿ ಕಲಬುರಗಿಯಲ್ಲಿ, ಕಾಮಗಾರಿ ಪಟ್ಟಿಯಲ್ಲಿ ಶಾಸಕರ ಮಾತೇ ಭಾರ. ಮಂಡಳಿಯ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ಸಂವಿಧಾನ ಹೇಳುತ್ತದೆ. ನಮ್ಮ ಕಟ್ಟೆಯ ಮುಂದೆಯೂ ಬರಲಿ.

ಮೂರನೆಯದು ನಾಮನಿರ್ದೇಶಿತ ಸಮಿತಿ. 2024ರಲ್ಲಿ ರಾಜ್ಯ ಸರ್ಕಾರ ಗ್ಯಾರಂಟಿ ಯೋಜನೆಗಳಿಗೆ ಜಿಲ್ಲೆ, ತಾಲ್ಲೂಕು ಮಟ್ಟದ ಅನುಷ್ಠಾನ ಸಮಿತಿ ಮಾಡಿತು. ಅಧ್ಯಕ್ಷರು, ಸದಸ್ಯರು ಆಳುವ ಪಕ್ಷದ ಕಾರ್ಯಕರ್ತರು, ಗೌರವಧನ ಖಜಾನೆಯದು. ಅಕ್ಕಿ, ಗೃಹಲಕ್ಷ್ಮಿ ಹಣ ಸರಿಯಾಗಿ ಬರುತ್ತಿದೆಯೇ ಅಂತ ನೋಡುವುದು ಒಳ್ಳೆಯ ಕೆಲಸವೇ. ಆದರೆ ಆ ಕೆಲಸಕ್ಕೆ ನಾವು ಆರಿಸುವ ತಾಲ್ಲೂಕು ಪಂಚಾಯಿತಿ ಎಂಬುದೊಂದು ಇತ್ತು. ಅದಕ್ಕೆ ಬೀಗ, ಇದಕ್ಕೆ ಕುರ್ಚಿ. ಹಿಂದಿನವರು ಆಳುವಾಗಲೂ ನಾಮನಿರ್ದೇಶನದ ರೂಢಿ ಬೇರೆ ಬೇರೆ ಹೆಸರಿನಲ್ಲಿ ಇತ್ತು, ಮುಂದಿನವರು ಬಂದರೂ ಇದ್ದೇ ಇರುತ್ತದೆ. ನಾವು ಕೇಳುವವರೆಗೆ.

ನಾಲ್ಕನೆಯದು ಮೊಬೈಲು. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ, ಕಾಮಗಾರಿಗಳಲ್ಲಿ ಕನಿಷ್ಠ ಅರ್ಧ ಗ್ರಾಮ ಪಂಚಾಯಿತಿಯ ಕೈಯಲ್ಲೇ ಆಗಬೇಕು ಅಂತ ಬರೆದರು. 2023ರ ಜನವರಿ 1ರಿಂದ ಎಲ್ಲ ಕೆಲಸದ ಜಾಗದಲ್ಲಿ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. ಮಹಾರಾಷ್ಟ್ರ, ತೆಲಂಗಾಣ ಗಡಿಯ ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮೊಬೈಲಿಗೆ ಸಿಗ್ನಲ್ ಹುಡುಕಲು ಗುಡ್ಡ ಹತ್ತಬೇಕು. ಹೊಂಡ ತೋಡಿದ ಕೈಗಳನ್ನು ಕೆಲಸ ನೋಡಿಕೊಳ್ಳುವ ಮೇಟಿ ಕಂಡಿದ್ದಾನೆ, ಊರು ಕಂಡಿದೆ, ಪಂಚಾಯಿತಿ ಕಂಡಿದೆ. ಆ್ಯಪ್ ಕಂಡಿಲ್ಲ ಅಂದರೆ ದಿನದ ಕೂಲಿ ಇಲ್ಲ. ಕಳ್ಳ ಹಾಜರಿ ತಡೆಯಬೇಕು, ಒಪ್ಪುತ್ತೇವೆ. ಅದಕ್ಕೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ ಅಂತ ಆ ಕಾಯ್ದೆಯಲ್ಲೇ ದಾರಿ ಇತ್ತು. ದಿಲ್ಲಿಯವರು ಊರನ್ನು ನಂಬಲಿಲ್ಲ, ಫೋನನ್ನು ನಂಬಿದರು.

ಐದನೆಯದು ಮೈಕ್ರೋಫೈನಾನ್ಸ್ ಸಾಲದ ಕಂತಿನ ಸಭೆ. ಇದನ್ನು ಸ್ವಲ್ಪ ನಿಧಾನ ಓದಿ.

ಬೆಳಿಗ್ಗೆ ಏಳು ಗಂಟೆ. ಯಾರದೋ ಮನೆಯ ಅಂಗಳ. ಬೈಕಿನ ಮೇಲೆ ಒಬ್ಬ ಹುಡುಗ ಬರುತ್ತಾನೆ. ಹೆಗಲಿಗೆ ಕಪ್ಪು ಬ್ಯಾಗು, ಕೈಯಲ್ಲಿ ಟ್ಯಾಬ್ಲೆಟ್. ಹೆಣ್ಣುಮಕ್ಕಳು ಸಾಲಾಗಿ ಕೂರುತ್ತಾರೆ. ಹೆಸರು ಕೂಗುತ್ತಾನೆ, ಹಾಜರಿ ಹಾಕುತ್ತಾನೆ. ಒಬ್ಬಳು ಬಂದಿಲ್ಲ ಅಂದರೆ ಅವಳ ಕಂತು ಉಳಿದವರ ತಲೆಗೆ. ಅದು ತುಂಬುವವರೆಗೆ ಯಾರೂ ಏಳುವ ಹಾಗಿಲ್ಲ. ಹಿಟ್ಟಿನ ಕೈ ತೊಳೆಯದೆ ಬಂದವಳು ಸೆರಗಿನ ಗಂಟು ಬಿಚ್ಚುತ್ತಾಳೆ.

ಈ ಸಭೆಗೆ ಹಾಜರಿ ಪುಸ್ತಕ ಇದೆ, ಹೊತ್ತು ಇದೆ, ನಿಯಮ ಇದೆ, ತಪ್ಪಿದರೆ ದಂಡ ಇದೆ. ಇವಿಷ್ಟೂ ಇರುವುದಕ್ಕೆ ಸರ್ಕಾರ ಅಂತಲೇ ಹೆಸರು. ಆರು ತಿಂಗಳಿಗೊಮ್ಮೆ ಬರುವ ಗ್ರಾಮಸಭೆಗೆ ಹೋಗದ ನಾವು ವಾರಕ್ಕೊಮ್ಮೆ ಬರುವ ಈ ಸಭೆಗೆ ಜ್ವರ ಇದ್ದರೂ ತಪ್ಪುವುದಿಲ್ಲ. ಈ ಹಾವಳಿಗೆ ಊರು ಬಿಟ್ಟವರು, ಜೀವ ಬಿಟ್ಟವರು ರಾಜ್ಯದ ತುಂಬ ಸುದ್ದಿಯಾದ ಮೇಲೆ 2025ರ ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಬಂತು. ಬೆದರಿಸಿ, ಹಿಂಸಿಸಿ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ. ಆ ಕಾಗದದ ಬಲ ನಿಮ್ಮ ಅಂಗಳಕ್ಕೆ ಬರಬೇಕಾದರೆ ನೀವು ಒಟ್ಟಾಗಿ ಠಾಣೆಗೆ ಹೋಗಬೇಕು. ಒಬ್ಬಳೇ ಹೋದರೆ ಅವಳು ಸಾಲಗಾರ್ತಿ, ಹದಿನೈದು ಮಂದಿ ಹೋದರೆ ಊರು.

■ ಇದನ್ನು ನಮ್ಮಜ್ಜ ಕಂಡಿದ್ದಾನೆ

ಹೊರಗಿನವನ ಕೈಗೆ ಆಡಳಿತ ಕೊಡುವುದು ಬೀದರ ಸೀಮೆಗೆ ಹೊಸದಲ್ಲ. ನಿಜಾಮನ ಕಾಲದ ಮೊದಲ ಭಾಗದಲ್ಲಿ ಕಂದಾಯ ವಸೂಲಿಯೇ ಗುತ್ತಿಗೆ. ಮುಂಗಡ ದುಡ್ಡು ಕಟ್ಟಿದವನಿಗೆ ಸೀಮೆ. ಕಟ್ಟಿದ್ದಕ್ಕಿಂತ ಎಷ್ಟು ಹೆಚ್ಚು ಹಿಂಡಿದನೋ ಅಷ್ಟೂ ಅವನ ಲಾಭ. ಸಾಲಾರ್ ಜಂಗ್ 1853ರಲ್ಲಿ ದಿವಾನನಾದ ಮೇಲೆ ಈ ಪದ್ಧತಿ ಕಿತ್ತು, 1865ರಲ್ಲಿ ಜಿಲಾಬಂದಿ (ಜಿಲ್ಲೆಗಳ ವಿಂಗಡಣೆ) ಮಾಡಿ, ಸಂಬಳದ ಅಧಿಕಾರಿಗಳನ್ನು ಇಟ್ಟ. ಹಾಗಿದ್ದೂ ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು 40 ಪಾಲು ಜಾಗೀರು, ಪಾಯಗಾ (ಅಮೀರರ ದೊಡ್ಡ ಜಾಗೀರು), ಸರ್ಫ್-ಎ-ಖಾಸ್ (ನಿಜಾಮನ ಸ್ವಂತ ನೆಲ) ಆಗಿಯೇ ಉಳಿಯಿತು. ನಮ್ಮ ಜಿಲ್ಲೆಯಲ್ಲಿ ಅವುಗಳ ಹರವು ದೊಡ್ಡದು. ಒಂದು ಹಳ್ಳಿಯವನು ಸರ್ಕಾರಕ್ಕೆ ಅರ್ಜಿ ಕೊಡಬಹುದಿತ್ತು. ಪಕ್ಕದ ಹಳ್ಳಿಯವನಿಗೆ ಜಾಗೀರದಾರನೇ ಸರ್ಕಾರ. 1949ರಲ್ಲಿ ಜಾಗೀರು ರದ್ದಾಯಿತು.

ಅದಕ್ಕೆ ಮುಂಚೆ 1947-48ರಲ್ಲಿ ಏನಾಯಿತು ಅಂತ ಬೀದರದವರಿಗೆ ಹೇಳಬೇಕಾಗಿಲ್ಲ. ಸರ್ಕಾರ ಕೈ ಕಟ್ಟಿ ಕೂತಿತು, ಖಾಸಗಿ ದಂಡು ಬಂದೂಕು ಹಿಡಿಯಿತು. 1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾದಲ್ಲಿ ಹರಿಸಿದ ರಕ್ತ ನಮ್ಮ ಜಿಲ್ಲೆಯ ನೆನಪಿನಿಂದ ಒಣಗಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ರಜಾಕಾರರು ಕರಗಿದರು. ಹಳೆಯ ಆಡಳಿತ ಹೋಗಿ ಹೊಸದು ನೆಲೆಯೂರುವ ಆ ವಾರಗಳಲ್ಲಿ ಗುಂಪುಗಳು ನಿರಪರಾಧಿ ಮುಸ್ಲಿಂ ಕುಟುಂಬಗಳ ಮೇಲೆ ಬಿದ್ದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಎರಡೂ ದುಃಖ ನಮ್ಮವೇ. ಎರಡರ ಪಾಠವೂ ಒಂದೇ: ಜನರಿಗೆ ಉತ್ತರ ಹೇಳುವ ಆಡಳಿತ ಎದ್ದುಹೋದ ಜಾಗದಲ್ಲಿ ಯಾರು ಬಂದು ಕೂರುತ್ತಾರೆ ಅಂತ ಮೊದಲೇ ಹೇಳಲಾಗದು.

ಇಂದಿನ ಏಜೆನ್ಸಿಯನ್ನು ಅಂದಿನ ದಂಡಿಗೆ ಹೋಲಿಸುತ್ತಿಲ್ಲ, ಅದು ಅನ್ಯಾಯದ ಮಾತು. ಖಾಲಿ ಕುರ್ಚಿಯ ಸ್ವಭಾವ ಹೇಳುತ್ತಿದ್ದೇವೆ, ಅಷ್ಟೇ.

■ ಗಡಿಯ ಆಚೆಯ ಸಹಿ

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ರೇಖೆ ಎಳೆದರು, ಬೀಗಸ್ತನ, ಬಜಾರ, ದವಾಖಾನೆ ರೇಖೆ ಕೇಳಲಿಲ್ಲ. ಇಂದಿಗೂ ಕಮಲನಗರದವನಿಗೆ ಜ್ವರ ಜಾಸ್ತಿಯಾದರೆ ಬೀದರಕ್ಕಿಂತ ಮೊದಲು ಉದಗೀರ ನೆನಪಾಗುತ್ತದೆ.

ಗಡಿ ತಂಟೆ ಬಗೆಹರಿಸಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್ 27ರಂದು ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳು ತಮ್ಮವು ಅಂತ ಠರಾವು ಮಾಡಿತು, ಬೀದರ, ಭಾಲ್ಕಿ ಹೆಸರುಗಳು ಅದರಲ್ಲಿವೆ. 2023ರಲ್ಲಿ ತಮ್ಮ ಫುಲೆ ಆರೋಗ್ಯ ಯೋಜನೆಯನ್ನು ಆ 865 ಹಳ್ಳಿಗಳಿಗೂ ಹಿಗ್ಗಿಸಿದರು. ಬೆಂಗಳೂರು ಸಿಟ್ಟಾಯಿತು.

ಕನ್ನಡದ ನೆಲ ಕನ್ನಡ ನಾಡಿನಲ್ಲೇ ಇರುತ್ತದೆ, ಅದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಸಿಟ್ಟಾದ ಬೆಂಗಳೂರಿಗೆ ಒಂದು ಮಾತು: ಪಕ್ಕದ ಮನೆಯವನು ನಮ್ಮ ಕೂಸಿಗೆ ಔಷಧಿ ಚೀಟಿ ತೋರಿಸಿ ಕರೆಯುವ ಧೈರ್ಯ ಮಾಡಿದ್ದು, ನಮ್ಮ ಮನೆಯಲ್ಲಿ ದವಾ ಡಬ್ಬಿ ಖಾಲಿ ಕಂಡದ್ದಕ್ಕೆ. ಗಡಿಯನ್ನು ಕಾಯುವುದು ಬೋರ್ಡಿನ ಭಾಷೆ ಒಂದೇ ಅಲ್ಲ; ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರವೂ ಗಡಿ ಕಾಯುತ್ತದೆ.

■ ಮೊನ್ನೆಯ ನೀರು

2025ರ ಮಳೆಗಾಲ ನೆನೆಸಿಕೊಳ್ಳಿ. ಮಹಾರಾಷ್ಟ್ರದ ಧನೇಗಾಂವ ಅಣೆಕಟ್ಟಿನಿಂದ ನೀರು ಬಿಟ್ಟರು, ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದದ ಹೊಲಗಳಿಗೆ ನುಗ್ಗಿತು. ಹೊಲದಲ್ಲಿ ಸೋಯಾ ಕಾಯಿ ಒಡೆದು ನೋಡಿದರೆ ಒಳಗೇ ಕಾಳು ಮೊಳೆತಿತ್ತು. ಉದ್ದಿಗೆ ಕಪ್ಪು ಬೂಷ್ಟು ಹಿಡಿದಿತ್ತು. ತೊಗರಿ ಬುಡ ಕೊಳೆತು ವಾಲಿತ್ತು.

ಈಗ ಆ ಒಂದು ಸೋಯಾ ಕಾಯಿಯ ಮೇಲೆ ಎಷ್ಟು ಜನರ ಅಧಿಕಾರ ಇದೆ, ಎಣಿಸಿ. ಗೇಟು ಎತ್ತಿದವರು ಒಂದು ರಾಜ್ಯ. ಪರಿಹಾರದ ದರ ನಿಗದಿ ಮಾಡುವವರು ದಿಲ್ಲಿ: 2025ರಲ್ಲಿ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ ₹8,500 ಇತ್ತು, ಅದೂ ಎರಡು ಹೆಕ್ಟೇರಿನವರೆಗೆ. ಆ ವರ್ಷ ಸೆಪ್ಟೆಂಬರ್ 30ರಂದು ಇನ್ನೊಂದು ₹8,500 ಸೇರಿಸಿದ್ದು ಬೆಂಗಳೂರು. ಎಷ್ಟು ಹಾಳಾಗಿದೆ ಅಂತ ಬರೆಯುವವರು ಕಂದಾಯ, ಕೃಷಿ ಇಲಾಖೆ. ಇನ್ನು ಫಸಲ್ ಬಿಮಾ: ಮುಂಗಾರಿಗೆ ವಿಮೆ ಮೊತ್ತದ ನೂರಕ್ಕೆ ಎರಡು ಪಾಲು ನಾವು ಕಟ್ಟುತ್ತೇವೆ; ಹೊಲ ಮುಳುಗಿದರೆ 72 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಕರೆಂಟಿಲ್ಲದೆ ಮೊಬೈಲು ಸತ್ತ ಮೂರು ದಿನವೂ ಆ 72 ಗಂಟೆಯಲ್ಲೇ ಜಮಾ.

ಇದರಲ್ಲೊಂದು ಕುತೂಹಲ ನೋಡ್ರಿ. ಮುಖ್ಯ ಬೆಳೆಗಳಿಗೆ ವಿಮೆಯ ಘಟಕ ಗ್ರಾಮ ಪಂಚಾಯಿತಿ. ಪಂಚಾಯಿತಿಯ ಗಡಿಯೊಳಗೆ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಪಂಚಾಯಿತಿಯ ಹೆಸರು ಬೇಕು, ಗಡಿ ಬೇಕು. ಪಂಚಾಯಿತಿಯ ಮಾತು ಬೇಡ. ಕಟಾವಿನ ದಿನ ಯಾವ ಹೊಲ ಆರಿಸಿದರು, ಎಷ್ಟು ಕಿಲೋ ತೂಗಿತು, ಆ ಹಾಳೆ ಗ್ರಾಮಸಭೆಯಲ್ಲಿ ಓದಿ ಹೇಳುವುದಕ್ಕೆ ಯಾರ ಅಪ್ಪಣೆ ಬೇಕು?

■ ನ್ಯಾಯವಾಗಿ ಹೇಳುವುದಾದರೆ

ಜಿಲ್ಲಾ, ತಾಲ್ಲೂಕು ಪಂಚಾಯಿತಿ ಇದ್ದಾಗ ಸ್ವರ್ಗ ಇತ್ತೇ? ಇರಲಿಲ್ಲ. ಅಲ್ಲಿಯೂ ಕಮಿಷನ್ ಇತ್ತು, ಅಲ್ಲಿಯೂ ಅಧ್ಯಕ್ಷೆಯ ಬದಲು ಅವಳ ಗಂಡ ಕುರ್ಚಿಯಲ್ಲಿ ಕೂತದ್ದು ಕಂಡಿದ್ದೇವೆ. ಎಲ್ಲ ಕೆಲಸ ಹಳ್ಳಿಯಿಂದಲೇ ಆಗುತ್ತದೆಯೇ? ಇಲ್ಲ. ಮಾಂಜ್ರಾದ ಗೇಟಿನ ಮಾತು ಎರಡು ರಾಜ್ಯ ಕೂತು ಆಡಬೇಕಾದದ್ದು. ಸರ್ಕಾರದವರಲ್ಲದವರೆಲ್ಲ ಕೆಟ್ಟವರೇ? ಖಂಡಿತ ಅಲ್ಲ. ಬೀದರ ಡಿಸಿಸಿ ಬ್ಯಾಂಕಿನ ಆಸರೆಯಲ್ಲಿ ಬೆಳೆದ ಸ್ವಸಹಾಯ ಸಂಘಗಳು ಈ ಜಿಲ್ಲೆಯ ಹೆಣ್ಣುಮಕ್ಕಳ ಕೈಯಲ್ಲಿ ಮೊದಲ ಪಾಸ್‌ಬುಕ್ ಇಟ್ಟವು. ಆ ಸಂಘಕ್ಕೂ ಬೈಕಿನ ಹುಡುಗನ ಸಭೆಗೂ ವ್ಯತ್ಯಾಸ ಏನು? ಸಂಘದ ಪುಸ್ತಕ ಸದಸ್ಯೆಯರ ಕೈಯಲ್ಲಿ ಇರುತ್ತದೆ, ಅಧ್ಯಕ್ಷೆಯನ್ನು ಅವರೇ ಬದಲಿಸಬಹುದು.

ನಮ್ಮ ಅಳತೆಗೋಲು ಇದೇ. ಆಳುವವರು ಮೇಲಿನವರೋ ಕೆಳಗಿನವರೋ, ಸರ್ಕಾರಿಯೋ ಖಾಸಗಿಯೋ, ಅದು ಆಮೇಲೆ. ಮೊದಲು ಮೂರು ಪ್ರಶ್ನೆ: ಸಹಿ ಯಾರದು? ಲೆಕ್ಕ ಎಲ್ಲಿದೆ? ಇಳಿಸುವುದು ಹೇಗೆ? ಮೂರಕ್ಕೂ ಉತ್ತರ ಇದ್ದರೆ ಆಳಲಿ. ಕಳ್ಳ ಸದಸ್ಯನನ್ನು ಐದು ವರ್ಷಕ್ಕಾದರೂ ಮನೆಗೆ ಕಳಿಸಬಹುದು; ಯಾರೆಂದೇ ಗೊತ್ತಿಲ್ಲದವನನ್ನು ಎಲ್ಲಿಗೆ ಕಳಿಸುತ್ತೀರಿ?

■ ಕೊನೆಗೆ ಸಿಕ್ಕ ಸಹಿ

ನೀರಿನ ಘಟಕದ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ: ಘಟಕವನ್ನು ಏಜೆನ್ಸಿಗೆ ವಹಿಸಿದ ಠರಾವಿನ ನಕಲು ಕೊಡಿ ಅಂತ. ತಿಂಗಳ ಒಳಗೆ ಕಾಗದ ಬಂತು. ಗ್ರಾಮಸಭೆಯ ನಡಾವಳಿ. "ಘಟಕದ ನಿರ್ವಹಣೆಯನ್ನು ಏಜೆನ್ಸಿಗೆ ವಹಿಸಲು ಸಭೆ ಸರ್ವಾನುಮತದಿಂದ ಒಪ್ಪಿತು." ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು.

ಒಂಬತ್ತನೆಯ ಸಹಿ ನನ್ನದು.

ನೆನಪಾಯಿತು. ಚಹಾದಂಗಡಿಯಲ್ಲಿ ಕೂತಿದ್ದೆ. ಪಂಚಾಯಿತಿಯ ಹುಡುಗ ರಿಜಿಸ್ಟರ್ ಹಿಡಿದು ಬಂದ. "ಸಭೆ ಆಯ್ತು ಕಾಕಾ, ಒಂದು ಸಹಿ ಹಾಕ್ರಿ" ಅಂದ. ಮೇಲಿನ ಅರ್ಧ ಪುಟ ಖಾಲಿ ಇತ್ತು. ಹಾಕಿದೆ. ಚಹಾ ಮುಗಿಸಿದೆ. ನನ್ನ ಸಹಿಯ ಕೆಳಗೆ, ಮೂರು ಸಾಲು ಬಿಟ್ಟು, ಆ ಅಜ್ಜಿಯ ಹೆಬ್ಬೆಟ್ಟೂ ಇದೆ.

ಬೆಂಗಳೂರು ನಮ್ಮ ಅಧಿಕಾರ ಕಸಿದದ್ದು ನಿಜ, ದಿಲ್ಲಿ ಕಸಿದದ್ದು ನಿಜ. ಒಂದಷ್ಟನ್ನು ನಾವೇ ಒಂದು ಕಪ್ ಚಹಾದ ಹೊತ್ತಿನಲ್ಲಿ ಬರೆದು ಕೊಟ್ಟಿದ್ದೇವೆ. ಕೊಟ್ಟದ್ದನ್ನು ವಾಪಸ್ ಕೇಳುವುದೂ ಅಲ್ಲಿಂದಲೇ ಶುರುವಾಗಬೇಕು.

■ ಏನು ಮಾಡೋಣ

1. ಖಾಲಿ ಪುಟಕ್ಕೆ ಸಹಿ ಇಲ್ಲ. ಠರಾವು ಬರೆದು, ಎಲ್ಲರೆದುರು ಓದಿದ ಮೇಲೆ ಸಹಿ. ಹೆಬ್ಬೆಟ್ಟು ಒತ್ತುವವರಿಗೆ ಪಕ್ಕದಲ್ಲಿ ಒಬ್ಬರು ಓದಿ ಹೇಳಲೇಬೇಕು. ಮನೆಗೆ, ಚಹಾದಂಗಡಿಗೆ ಬಂದ ರಿಜಿಸ್ಟರನ್ನು ಬಂದ ದಾರಿಗೇ ಕಳಿಸಿ.

2. ಗ್ರಾಮಸಭೆಗೆ ಬನ್ನಿ. ಕನಿಷ್ಠ ಆರು ತಿಂಗಳಿಗೊಮ್ಮೆ ಅದು ನಡೆಯಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಮನೆಗಳ ಫಲಾನುಭವಿ ಪಟ್ಟಿ, ವರ್ಷದ ಯೋಜನೆ ಅಲ್ಲೇ ತೀರ್ಮಾನ ಆಗಬೇಕು. ಡಂಗುರ ಕೇಳಿಸಲಿಲ್ಲವೇ? ದಿನಾಂಕ ಕೇಳಿ ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

3. ಒಂದು ಊರು, ಒಂದು ವಸ್ತು, ಒಂದು ಅರ್ಜಿ. ನಿಮ್ಮೂರಲ್ಲಿ ಕೆಟ್ಟು ನಿಂತ ಒಂದು ವಸ್ತು ಆರಿಸಿ: ನೀರಿನ ಘಟಕ, ಜಲಜೀವನದ ನಲ್ಲಿ, ಅಂಗನವಾಡಿ ಸೂರು. ಅದರ ಠರಾವು, ಟೆಂಡರು, ಹಸ್ತಾಂತರ ಪತ್ರದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ₹10, ಉತ್ತರಕ್ಕೆ 30 ದಿನ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕ ಇಲ್ಲ. ಬಂದ ಕಾಗದವನ್ನು ಕಟ್ಟೆಯ ಮೇಲೆ ಓದಿ.

4. ಗೋಡೆಯ ಮೇಲೆ ಬರೆಸಿ. ಪ್ರತಿ ಕಾಮಗಾರಿಯ ಪಕ್ಕ ಹಣ ಎಲ್ಲಿಂದ ಬಂತು, ಎಷ್ಟು, ಗುತ್ತಿಗೆ ಯಾರದು, ಕೆಟ್ಟರೆ ಯಾರನ್ನು ಕೇಳಬೇಕು, ನಾಲ್ಕು ಸಾಲು. ಬಿಸಿಲಿಗೆ ಅಳಿಯದ ಬಣ್ಣದಲ್ಲಿ.

5. ಬೆಳೆ ಕಟಾವಿನ ದಿನ ಹೊಲಕ್ಕೆ ಹೋಗಿ. ನಾಲ್ಕು ಜನ ರೈತರು ನಿಂತು ತೂಕ ನೋಡಿ, ಫೋಟೊ ತೆಗೆಯಿರಿ, ತೂಕದ ಅಂಕಿ ಬರೆದಿಡಿ.

6. ಕಂತಿನ ಅಂಗಳದಲ್ಲಿ ಒಬ್ಬಳನ್ನೇ ಬಿಡಬೇಡಿ. ಬೆದರಿಕೆ ಬಂದರೆ ಇಡೀ ಗುಂಪು ಠಾಣೆಗೆ.

7. ಪಟ್ಟಣದವರೇ, ಸುಮ್ಮನೆ ಕೂರಬೇಡಿ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯ ಸಚಿವ ಸಂಪುಟ ಸಭೆ ಬೀದರ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ತೀರ್ಮಾನಿಸಿತು. ಪಾಲಿಕೆ ಅಂದರೆ ಬೋರ್ಡು ದೊಡ್ಡದಾಗುವುದು ಒಂದೇ ಅಲ್ಲ, ತೆರಿಗೆಯೂ ದೊಡ್ಡದಾಗಬಹುದು. ಊರು ಪಾಲಿಕೆಗೆ ಸೇರಿದರೆ ಅಲ್ಲಿ ಗ್ರಾಮಸಭೆ ಇರುವುದಿಲ್ಲ. ಅದರ ಬದಲು ವಾರ್ಡಿನ ಜನ ಕೂರುವ ಸಭೆ ಎಲ್ಲಿ ಅಂತ ಈಗಲೇ ಕೇಳಿ. ಔರಾದ ಪಟ್ಟಣ ಪಂಚಾಯಿತಿ, ಭಾಲ್ಕಿ ಪುರಸಭೆಯವರಿಗೂ ಇದೇ ಮಾತು.

8. ಎಲ್ಲಕ್ಕಿಂತ ಮೊದಲು ಚುನಾವಣೆ. 2020ರ ಡಿಸೆಂಬರ್‌ನಲ್ಲಿ ಆರಿಸಿದ ಗ್ರಾಮ ಪಂಚಾಯಿತಿಗಳ ಐದು ವರ್ಷವೂ 2026ರ ಆರಂಭದವರೆಗೆ ಮಾತ್ರ. ಈಗ ಬಾಯಿ ತೆರೆಯದಿದ್ದರೆ ಮೂರೂ ಮಟ್ಟದಲ್ಲಿ ಕುರ್ಚಿ ಖಾಲಿ. ಕೆಳಗಿನ ಠರಾವನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ಓದಿ, ಆಮೇಲೆ ಸಹಿ ಹಾಕಿ.

■ ಠರಾವಿನ ಮಾದರಿ (ಕತ್ತರಿಸಿ ಇಟ್ಟುಕೊಳ್ಳಿ)

"ನಮ್ಮ ಗ್ರಾಮಸಭೆ ಒಮ್ಮತದಿಂದ ಕೇಳುವುದೇನೆಂದರೆ: 2021ರಿಂದ ನಿಂತಿರುವ ಬೀದರ ಜಿಲ್ಲಾ ಪಂಚಾಯಿತಿ ಹಾಗೂ ಜಿಲ್ಲೆಯ ಎಲ್ಲ ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಸಂವಿಧಾನದ 243ಇ ವಿಧಿಯಂತೆ ಕೂಡಲೇ ನಡೆಸಬೇಕು. ಗ್ರಾಮ ಪಂಚಾಯಿತಿ ಚುನಾವಣೆಯನ್ನು ಅವಧಿ ಮುಗಿಯುವ ಮುಂಚೆಯೇ ನಡೆಸಬೇಕು. ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ನಮ್ಮ ಊರಿಗೆ ಬರುವ ಕಾಮಗಾರಿಗಳ ಪಟ್ಟಿಯನ್ನು ಮಂಜೂರಾತಿಗೆ ಮೊದಲು ಈ ಸಭೆಯ ಮುಂದಿಡಬೇಕು. ಈ ಠರಾವಿನ ಪ್ರತಿಗಳನ್ನು ರಾಜ್ಯ ಚುನಾವಣಾ ಆಯೋಗಕ್ಕೆ, ಗ್ರಾಮೀಣಾಭಿವೃದ್ಧಿ ಇಲಾಖೆಗೆ, ಜಿಲ್ಲಾಧಿಕಾರಿಗಳಿಗೆ ಕಳಿಸಿ, ಸ್ವೀಕೃತಿಯನ್ನು ಮುಂದಿನ ಸಭೆಯಲ್ಲಿ ಓದಬೇಕು."

ಒಂದು ಊರಿನ ಠರಾವು ಕಸದ ಬುಟ್ಟಿಗೆ ಹೋಗಬಹುದು. ಸಂತಪುರ, ಠಾಣಾಕುಶನೂರ, ಚಿಂತಾಕಿ, ಕಮಲನಗರ, ಭಾಲ್ಕಿಯ ಕಡೆಯ ಊರೂರಿನಿಂದ ಒಂದೇ ವಾರ ಹೋದರೆ ಬುಟ್ಟಿ ಸಾಲುವುದಿಲ್ಲ.

ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ, ಯಾವ ಮಾತಿನಲ್ಲಾದರೂ ಕೇಳಿ. ಪ್ರಶ್ನೆ ಒಂದೇ ಇರಲಿ.

ಅಜ್ಜಿಗೆ ನಾನಿನ್ನೂ ಉತ್ತರ ಹೇಳಿಲ್ಲ. ಇದು ಸರ್ಕಾರದ್ದೋ ಸಾಹುಕಾರಂದೋ ಅಂದಳಲ್ಲ. ಬರುವ ಗ್ರಾಮಸಭೆಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ. ನಡಾವಳಿ ಪುಸ್ತಕ ತೆರೆಸಿ, ಅವಳ ಹೆಬ್ಬೆಟ್ಟಿನ ಜಾಗ ಅವಳಿಗೆ ತೋರಿಸುತ್ತೇನೆ. ಆಮೇಲೆ ಎದ್ದು ನಿಂತು ಕೇಳುವುದು ಅವಳಿಗೆ ಬಿಟ್ಟದ್ದು. ನೀವು ನಿಮ್ಮೂರ ಒಬ್ಬ ಅಜ್ಜಿಯನ್ನು ಕರೆದುಕೊಂಡು ಬನ್ನಿ.

ಓದದೆ ಸಹಿ ಇಲ್ಲ!
ಚುನಾವಣೆ ಇಲ್ಲದ ಆಡಳಿತ ಬೇಡ!
ಸಹಿ ಯಾರದ್ರಿ? ಕೇಳ್ರಿ, ಕೇಳ್ರಿ, ಕೇಳ್ರಿ!

ಔರಾದ ತಾಲ್ಲೂಕಿನ ಒಬ್ಬ ಮತದಾರ
(ಇದು ಯಾವ ಪಕ್ಷದ್ದೂ ಅಲ್ಲ. ಊರವರ ಚಂದಾದಿಂದ ಅಚ್ಚಾಗಿದೆ. ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಭಜಿ ಕಟ್ಟುವುದು ಅವರೂ ಓದಿದ ಮೇಲೆ.)